ಮೂರನೆಯ ಜಾಗದ ಆಟ

"ಅಲ್ಲಿಟ್ರೆ ನಿನ್ನ ರಾಜ ಸಿಕ್ಕಿಹಾಕ್ಕೊಳ್ತಾನೆ ಅಂತ ನಿಂಗೆ ಗೊತ್ತಿತ್ತು," ಎಂದರು ಅತ್ತಿಗೆ. "ಬೇಕಂತಲೇ ಸೋತೆ."

ಮೈದುನ ಕನ್ನಡಕ ತೆಗೆದು ಒರೆಸಿಕೊಂಡ. ಕನ್ನಡಕದಂಗಡಿ ಇಟ್ಟವನಿಗೆ ಅದಕ್ಕೊಂದು ನೆಪ ಬೇಕೆ? "ಇಲ್ಲ ಅತ್ತಿಗೆ, ನೋಡ್ಲಿಲ್ಲ."

"ಸುಳ್ಳು ಹೇಳಿದ್ರೂ ನಂಬೋ ಹಾಗೆ ಹೇಳು."

ಇಬ್ಬರೂ ಸೇರಿ ಬಿಡುವಿನಲ್ಲಿ ಒಂದು ಜಾಲತಾಣ ನಡೆಸುತ್ತಿದ್ದರು. ಮಾಮೂಲಿ ಚೆಸ್ಸಿಗೆ ಅಲ್ಲಿ ಜಾಗವಿಲ್ಲ. ನಿಯಮ ಬದಲಿಸಿದ ಬಗೆಬಗೆಯ ಚೆಸ್ಸುಗಳಿಗೆ ಮಾತ್ರ. ಪ್ರತಿ ತಿಂಗಳೂ ಮೂರನ್ನು ಆರಿಸಿ ಮೊದಲ ಪುಟಕ್ಕೆ ಹಾಕುತ್ತಿದ್ದರು. ಇಬ್ಬರೂ ಎದುರುಬದುರು ಕೂತು ಕೊನೆಯವರೆಗೆ ಆಡಿ ನೋಡದ ಆಟ ಆ ಪುಟ ಹತ್ತುವಂತಿರಲಿಲ್ಲ. ಈ ಕಟ್ಟಳೆ ಮಾಡಿದವರೂ ಅತ್ತಿಗೆಯೇ.

ಈ ಸಲ ಮೂರನೆಯ ಜಾಗಕ್ಕೆ ಅತ್ತಿಗೆ ತಾವೇ ಕಟ್ಟಿದ ಆಟ ತಂದಿದ್ದರು. ಅದರಲ್ಲಿ ಹೊಡೆಸಿಕೊಂಡ ಕಾಯಿ ಸಾಯುವುದಿಲ್ಲ, ಆಟದ ಶುರುವಿನಲ್ಲಿ ನಿಂತಿದ್ದ ಮನೆಗೆ ವಾಪಸು ಬರುತ್ತದೆ. ಊರವರ ಅಳತೆಗೆಲ್ಲ ಬಟ್ಟೆ ಹೊಲಿದುಕೊಟ್ಟ ದರ್ಜಿ ಅವರು. ತಮ್ಮದೇ ಆದ ಒಂದನ್ನು ನಾಲ್ಕು ಜನ ಆಡಬೇಕೆಂಬ ಆಸೆ ಬಲವಾಗಿತ್ತು. ಆದರೆ ಸತ್ತವರೆಲ್ಲ ಎದ್ದು ಬರುತ್ತಿದ್ದರೆ ಯುದ್ಧ ಮುಗಿಯುವುದು ಹೇಗೆ? ಬೆಳಿಗ್ಗೆ ಶುರುವಾದದ್ದು ಹನುಮಂತನ ಬಾಲದಂತೆ ಬೆಳೆದು, ಮೈದುನ ಸೋತಿದ್ದಕ್ಕಷ್ಟೇ ನಿಂತಿತ್ತು.

"ಹೋಗ್ಲಿ ಬಿಡಿ, ಮುಗೀತಲ್ಲ. ಹಾಕ್ಬಿಡೋಣ. ಯಾರು ಕೇಳ್ತಾರೆ?"

"ಆಡಿದವ್ರು ಕೇಳ್ತಾರೆ. ಬೇರೆಯವ್ರದಾಗಿದ್ರೆ ಮುಲಾಜಿಲ್ದೆ ತೆಗೆದು ಹಾಕ್ತಿದ್ದೆ. ನಂದು ಅಂದ ಮಾತ್ರಕ್ಕೆ ಕೊಂಬು ಬಂತಾ?"

ಹೇಳಿಬಿಟ್ಟರು, ಆದರೆ ಅಳು ಬರುವಷ್ಟು ಬೇಜಾರಾಗಿತ್ತು. ಎದ್ದು ಹೋಗಿ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತಂದರು.

"ವಾಪಸು ಬರೋದು ಒಂದೇ ಸಲ. ಬಂದ ಕಾಯಿಗೆ ನೆತ್ತಿ ಮೇಲೆ ಗುರುತು. ಮತ್ತೆ ಹೊಡೆದ್ರೆ ಡಬ್ಬಿಗೆ. ಜೋಡ್ಸು. ಈ ಸಲ ಬಿಟ್ಟುಕೊಟ್ಟೆಯೋ, ನಿನ್ನ ಜೊತೆ ಆಟಾನೂ ಬೇಡ, ಮಾತೂ ಬೇಡ."

ಕಾಯಿಗಳು ಒಂದೊಂದಾಗಿ ಡಬ್ಬಿ ಸೇರಿದವು. ಕೊನೆಗೆ ಅತ್ತಿಗೆಯ ರಾಜನನ್ನು ಕಾಯಲು ಉಳಿದದ್ದು ನೆತ್ತಿಗೆ ನೀಲಿ ಗೆರೆಯಿದ್ದ ಮಂತ್ರಿ ಮಾತ್ರ. ಅದು ಮೈದುನನ ಕುದುರೆಯ ನೆಗೆತಕ್ಕೆ ಸಿಗುವ ಮನೆಯಲ್ಲೇ ಇತ್ತು. ಅವನ ಕೈ ಕುದುರೆಯವರೆಗೆ ಹೋಗಿ ನಿಂತಿತು.

"ನನ್ನ ಮುಖ ಏನ್ ನೋಡ್ತೀಯ? ಹೊಡಿ."

ಹೊಡೆದ. ಮಂತ್ರಿಯನ್ನು ಅತ್ತಿಗೆ ತಾವೇ ಎತ್ತಿ ಡಬ್ಬಿಗೆ ಹಾಕಿದರು. ಮುಂದಿನ ನಡೆಗೆ ರಾಜನಿಗೆ ಹೋಗಲು ಮನೆಯೇ ಉಳಿಯಲಿಲ್ಲ.

"ಮುಗೀತು!" ಎಂದು ರಾಜನನ್ನು ಅಡ್ಡ ಮಲಗಿಸಿ, ಜೋರಾಗಿ ನಕ್ಕರು. ಮೈದುನ ಆಟವನ್ನು ಮೊದಲ ಪುಟಕ್ಕೆ ಹಾಕಲು ಕಂಪ್ಯೂಟರಿನ ಕಡೆ ಕುರ್ಚಿ ಎಳೆದುಕೊಂಡ. ಅತ್ತಿಗೆ ಬೆರಳಿನ ನೀಲಿಯನ್ನು ಒರೆಸಿಕೊಳ್ಳುವುದನ್ನೂ ಮರೆತು, ಬಿದ್ದ ರಾಜನನ್ನೇ ನೋಡುತ್ತ ಕೂತರು.