ನಾಲ್ಕು ಸೋಮವಾರ

ಬಸ್ ಡಿಪೋ ಹಿಂದೆ ಒಂದು ಜೌಗು ಹೊಂಡವಿತ್ತು. ಹೆಬ್ಬೆರಳ ಉಗುರಿಗಿಂತ ದೊಡ್ಡದಾಗದ ಒಂದು ಜಾತಿಯ ಕಪ್ಪೆ ಇಡೀ ಪಟ್ಟಣದಲ್ಲಿ ಉಳಿದದ್ದು ಅಲ್ಲಿ ಮಾತ್ರ. ಪ್ರತಿ ಸೋಮವಾರ ಬೆಳಿಗ್ಗೆ ಗಂಬೂಟು ಹಾಕಿಕೊಂಡು ಹೋಗಿ ಅವನ್ನು ಎಣಿಸಿ ಪಟ್ಟಿಯಲ್ಲಿ ಬರೆಯುವುದು ಅವಳಿಗೆ ಕಾಲೇಜು ಕೊಟ್ಟ ಕೆಲಸ. ಕಪ್ಪೆಗಳನ್ನು ತಕ್ಕಡಿಗೆ ಹಾಕಿದಂತೆ ಎನ್ನುತ್ತಾರಲ್ಲ, ಎಣಿಸುವುದು ಅದಕ್ಕಿಂತ ಕಷ್ಟ. ತಮ್ಮನಂತೂ ಅವಳಿಗೆ ಕಪ್ಪೆಮ್ಮ ಎಂದೇ ಹೆಸರಿಟ್ಟಿದ್ದ.

ಹನ್ನೆರಡು ವಾರದ ಪಟ್ಟಿ. ಎಂಟು ವಾರ ಮೂವತ್ತು, ನಲವತ್ತು ಎಂದು ಅಂಕಿ ಬಿದ್ದವು. ಕೊನೆಯ ನಾಲ್ಕು ವಾರ ಅವಳು ಹೊಂಡದ ಕಡೆ ತಲೆ ಹಾಕಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಳು, ಆಮೇಲೆ ಅಮ್ಮ ಹೋದಳು. ಪಟ್ಟಿ ಒಪ್ಪಿಸುವಾಗ ಖಾಲಿ ಬಿಟ್ಟರೆ ಚೆನ್ನಾಗಿರದೆಂದು ಆ ನಾಲ್ಕು ಕಡೆ 'ಇಲ್ಲ' ಎಂದು ಬರೆದಳು. ತಾನು ಹೋಗಿಲ್ಲ ಎಂಬ ಅರ್ಥದಲ್ಲಿ.

ಮೇಷ್ಟ್ರು ಅದನ್ನು ಹಾಗೇ ನಗರಸಭೆಗೆ ಕಳಿಸಿದರು. ಅಲ್ಲಿಯವರು ಕಪ್ಪೆ ಇಲ್ಲ ಎಂದು ಓದಿಕೊಂಡರು. ಅವರದೇನು ತಪ್ಪು? ಕಪ್ಪೆಯೇ ಇಲ್ಲದ ಮೇಲೆ ಹೊಂಡ ಯಾಕೆ, ಮುಚ್ಚಿ ಡಿಪೋ ದೊಡ್ಡದು ಮಾಡೋಣ ಎಂದಾಯಿತು. ಮಣ್ಣಿನ ಲಾರಿಗಳು ನಾಳೆ ಬರುವುದಿತ್ತು.

ಸುದ್ದಿ ಕೇಳಿದವಳು ನಗರಸಭೆಯ ಇಂಜಿನಿಯರ ಮೇಜಿನ ಮುಂದೆ ಹೋಗಿ ನಿಂತಳು. ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಒಸಡಿನ ಹಾಗೆ, ಎರಡು ತಿಂಗಳಿಂದ ಅವಳಿಗೆ ಏನೂ ತಟ್ಟುತ್ತಿರಲಿಲ್ಲ. ಅಮ್ಮ ಸತ್ತಾಗಲೂ ಅತ್ತಿರಲಿಲ್ಲ. ಗಟ್ಟಿ ಹುಡುಗಿ ಎಂದು ನೆಂಟರು ಹೊಗಳಿದ್ದರು. ಹೊಗಳುವವರ ಗಂಟೇನು ಹೋಗುತ್ತದೆ.

"ನೀನೇ ಬರ್ದಿದೀಯಲ್ಲಮ್ಮ, ಇಲ್ಲ ಅಂತ."

"ಕಪ್ಪೆ ಇಲ್ಲ ಅಂತಲ್ಲ ಸಾರ್. ನಾನು ಹೋಗಿರ್ಲಿಲ್ಲ."

"ನಾಲ್ಕು ವಾರಾನೂ? ಎಲ್ಲಿದ್ದೆ?"

"ಆಸ್ಪತ್ರೇಲಿ. ಅಮ್ಮನ ಜೊತೆ."

"ಈಗ ಹೇಗಿದಾರೆ?"

"ಇಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಪಟ್ಟಿಯನ್ನು ಅವಳ ಕಡೆ ತಳ್ಳಿದರು. "ತಿದ್ದಮ್ಮ. ಇಲ್ಲ ಅಂತಿರೋ ಕಡೆಯೆಲ್ಲ 'ನೋಡಿಲ್ಲ' ಅಂತ ಬರ್ದು ಸಹಿ ಹಾಕು. ಮತ್ತೆ ಎಣಿಸೋವರೆಗೂ ಲಾರಿ ನಿಲ್ಲಿಸ್ತೀನಿ. ಒಂದು ಬಿಟ್ರೂ ಮೇಲಿನವರು ಒಪ್ಪಲ್ಲ, ನೋಡು."

ಮೊದಲನೆಯದಕ್ಕೆ ಗೆರೆ ಎಳೆದು 'ನೋಡಿಲ್ಲ' ಎಂದು ಬರೆದಳು. ಎರಡನೆಯದು, ಮೂರನೆಯದು ಸಲೀಸಾಗಿ ಆದವು. ನಾಲ್ಕನೆಯ ಸೋಮವಾರದ ಮೇಲೆ ಪೆನ್ನು ನಿಂತಿತು.

ಅವತ್ತು ನರ್ಸ್ ಚೀಟಿ ಕೊಟ್ಟು ಕಳಿಸಿದ್ದಳು. ಕೆಳಗಿನ ಔಷಧಿ ಅಂಗಡಿಯಲ್ಲಿ ಇವಳ ಮುಂದೆ ಆರು ಜನ. ಮೇಲೆ ಬರುವಷ್ಟರಲ್ಲಿ ಅಮ್ಮನ ಹಾಸಿಗೆಗೆ ಪರದೆ ಎಳೆದಿದ್ದರು. ಕೊನೆಗಳಿಗೆಯಲ್ಲಿ ಅಮ್ಮ ಕಣ್ಣು ಬಿಟ್ಟಳೋ, ತನ್ನನ್ನು ಹುಡುಕಿದಳೋ, ಗೊತ್ತಿಲ್ಲ.

"ಇನ್ನೊಂದು ಉಳೀತಲ್ಲಮ್ಮ," ಎಂದರು ಇಂಜಿನಿಯರು, ಮೆಲ್ಲಗೆ.

ನೋಡಿಲ್ಲ ಎಂದು ಬರೆದಳು. ಸಹಿ ಹಾಕಿದಳು. ಎರಡು ತಿಂಗಳಲ್ಲಿ ಮೊದಲ ಸಲ ಅವಳಿಗೆ ನೋವಾಯಿತು.