ಹಾಲಕ್ಕಿಯನ್ನು ಕರೆದ ಸಂಜೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ದಾವಣಗೆರೆಯ ಸರಸ್ವತಿ ನಗರದ ನಮ್ಮ ಬೀದಿಯಲ್ಲಿ ಬೆಕ್ಕು ಅಡ್ಡ ಬಂದರೆ ಎಲ್ಲರೂ ಗಾಡಿ ನಿಲ್ಲಿಸುತ್ತಾರೆ, ನಾನು ಬೇಕೆಂದೇ ಮುಂದೆ ಹೋಗುತ್ತೇನೆ. ಭಾನುವಾರ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಹಕ್ಕಿ ನೋಡುತ್ತಾ ಕೆರೆ, ಹೊಳೆ ಸುತ್ತುವುದು ನನ್ನ ಹುಚ್ಚು. ತಂಗಿ ಪೂಜಾ ಹೆರಿಗೆಗೆಂದು ಹರಿಹರದ ಆಚೆಯ ಸಾರಥಿ ಊರಿನ ದೊಡ್ಡಮ್ಮನ ಮನೆಗೆ ಬಂದಾಗ ಆ ಹುಚ್ಚನ್ನು ಅವಳಿಗೂ ಹತ್ತಿಸಿದೆ. ಅವ್ವ ತೀರಿಕೊಂಡ ಮೇಲೆ ನಮ್ಮಿಬ್ಬರನ್ನು ಸಾಕಿದವಳು ಈ ದೊಡ್ಡಮ್ಮ, ಮರುಳಸಿದ್ದಮ್ಮ. ನಮಗೆ ತವರು ಅಂದರೆ ಅವಳೇ.

ದಿನಾ ನಡೆಯಬೇಕು ಅಂತ ಡಾಕ್ಟರ್ ಹೇಳಿದ್ದರು. ರಜೆಯಲ್ಲಿದ್ದ ನಾನು ಸಂಜೆಯಾದರೆ ಪೂಜಾಳನ್ನು ಗದ್ದೆ ಬದುವಿನ ಮೇಲೆ ಹೊಳೆಯ ಕಡೆ ಕರೆದೊಯ್ಯುತ್ತಿದ್ದೆ. ಟಿಟ್ಟಿಭ ಹಕ್ಕಿ ಬರಿ ನೆಲದ ಮೇಲೇ ಮೊಟ್ಟೆ ಇಡುತ್ತದೆ, ಯಾರಾದರೂ ಹತ್ತಿರ ಬಂದರೆ ಬೇರೆ ಕಡೆ ಹೋಗಿ ಕಿರುಚಿ ದಾರಿ ತಪ್ಪಿಸುತ್ತದೆ ಎಂದು ತೋರಿಸಿದೆ.

"ನಮ್ಮತ್ತಿ ಬಂದಾಗ ನಾನೂ ಹಂಗೇ ಮಾಡ್ತೀನಿ ಬಿಡಕ್ಕ" ಎಂದು ನಕ್ಕಳು. "ಎಲ್ಲ ತೋರಿಸಿದಿ. ಹಾಲಕ್ಕಿ ಒಂದು ತೋರಿಸಲಿಲ್ಲ."

ಹಾಲಕ್ಕಿ ಎಂದರೆ ಅಂಗೈಯಗಲದ ಒಂದು ಗೂಬೆ. ಅದು ಮುಂದಾಗುವುದನ್ನು ನುಡಿಯುತ್ತದೆ, ತಿಳಿದವರಿಗೆ ಆ ಮಾತು ಅರ್ಥವಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ದೊಡ್ಡಮ್ಮನಿಗೆ ಅರ್ಥವಾಗುತ್ತದೆ ಎಂದು ಊರೇ ಹೇಳುತ್ತಿತ್ತು. ನಾನು ಮಾತ್ರ ಅದನ್ನು ನಂಬದೆ, ಅದೇ ಸಂಜೆ ಪೂಜಾಳೊಂದಿಗೆ ಹಿತ್ತಲ ಹುಣಸೆ ಮರದ ಕೆಳಗೆ ನಿಂತು ಫೋನಿನಲ್ಲಿ ಹಾಲಕ್ಕಿಯ ಕೂಗು ಹಚ್ಚಿದೆ. ಕೇಳಿದ ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಬಂತೆಂದು ಹೊರಗೆ ಬರುತ್ತದೆ. ಹಾಗೆ ಹಕ್ಕಿಗೆ ಮೋಸ ಮಾಡಬಾರದು ಎನ್ನುತ್ತಾರೆ ನಮ್ಮ ಹಕ್ಕಿ ನೋಡುವ ಗುಂಪಿನವರು. ತಂಗಿಯ ಆಸೆಯ ಮುಂದೆ ಅದೆಲ್ಲ ಯಾವ ಲೆಕ್ಕ?

ಮೊದಲ ಸಲ ಏನೂ ಆಗಲಿಲ್ಲ. ಮತ್ತೆ ಹಚ್ಚಿದೆ. ಬೀದಿಯಲ್ಲಿ ಬೊಗಳುತ್ತಿದ್ದ ನಾಯಿ ಸುಮ್ಮನಾಯಿತು. ಆಮೇಲೆ ನಮ್ಮ ತಲೆಯ ಮೇಲೇ, ತೀರಾ ಹತ್ತಿರದಲ್ಲಿ, ಉತ್ತರ ಬಂತು.

ಕೆಳಗಿನ ಕೊಂಬೆಗೆ ಬಂದು ಕೂತ ಹಕ್ಕಿ ನಮ್ಮನ್ನು ದಿಟ್ಟಿಸಿ ನೋಡಿತು. ಫೋನ್ ಆರಿಸಿದೆ, ಅದು ನಿಲ್ಲಿಸಲಿಲ್ಲ. ಎಷ್ಟೋ ಗೂಬೆಗಳ ಕೂಗು ಕೇಳಿದ್ದೇನೆ. ಹೀಗೆ ನಡುನಡುವೆ ನಿಲ್ಲಿಸಿ, ತಿಳಿಯಿತೇ ಎಂದು ಕೇಳುವವರಂತೆ ನೋಡಿ, ಮತ್ತೆ ಮೊದಲಿನಿಂದ ಶುರುಮಾಡುವ ಹಕ್ಕಿಯನ್ನು ಕಂಡಿರಲಿಲ್ಲ.

ತಿರುಗಿದರೆ ಹಿತ್ತಲ ಬಾಗಿಲಲ್ಲಿ ದೊಡ್ಡಮ್ಮ. ಕೈಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು. ಹಕ್ಕಿ ಹಾರಿಹೋಗುವವರೆಗೂ ಅಲುಗಾಡದೆ ಕೇಳಿಸಿಕೊಂಡಳು.

"ಏನಂತು ದೊಡ್ಡಮ್ಮ?" ಪೂಜಾ ಕೇಳಿದಳು.

"ಏನಿಲ್ಲ, ಒಳಗೆ ಬರ್ರಿ." ಪೂಜಾ ಬಿಡಲಿಲ್ಲ. ಕೊನೆಗೆ ದೊಡ್ಡಮ್ಮ ನೆಲ ನೋಡುತ್ತಾ ಹೇಳಿದಳು: "ಇವತ್ತು ಹೊಸ್ತಿಲು ದಾಟಿದೋರು ಮನಿಗೆ ವಾಪಸ್ ಬರಲ್ಲ, ಅಂತು."

ನಾನು ಜೋರಾಗಿ ನಕ್ಕೆ. ಜೊತೆಗೆ ಯಾರೂ ನಗಲಿಲ್ಲ.

ಊಟಕ್ಕೆ ಕೂಡುವ ಮೊದಲೇ ಪೂಜಾ ಹೊಟ್ಟೆ ಹಿಡಿದುಕೊಂಡಳು. "ಅಕ್ಕ, ಹೊಟ್ಟೆ ಕಲ್ಲಾಗೈತೆ. ಕೂಸು ಅಲುಗಾಡ್ತಿಲ್ಲ." ನಾನು ಕಾರಿನ ಕೀಲಿ ತಗೊಂಡೆ. ಅವಳು ಪಡಸಾಲೆಯ ಕಂಬ ತಬ್ಬಿಕೊಂಡಳು. "ನಾ ಒಲ್ಲೆ. ಬೆಳಕಾಗ್ಲಿ, ಹೋಗೋಣ."

"ಅದು ಗೂಬೆ ಕಣೆ! ಅದಕ್ಕೇನು ಗೊತ್ತು ನಿನ್ನ ಹೆರಿಗೆ?" ಬೆರಳು ಬಿಡಿಸಲು ನೋಡಿದೆ, ಆಗಲಿಲ್ಲ. ಸಿಟ್ಟು ದೊಡ್ಡಮ್ಮನ ಮೇಲೆ ತಿರುಗಿತು. "ಬಸುರಿ ಮುಂದೆ ಬಾಯಿ ಮುಚ್ಕೊಂಡು ಇರೋಕಾಗ್ಲಿಲ್ವಾ ನಿನಗೆ? ಕೂಸು ಹೋದ್ರೆ ನಿನ್ನಿಂದ್ಲೇ!" ಸಾಕಿದವಳಿಗೆ ಆಡುವ ಮಾತಲ್ಲ. ಆಡಿಬಿಟ್ಟೆ.

ದೊಡ್ಡಮ್ಮ ಮುಂದೆ ಬಂದಳು. ಪೂಜಾಳ ಕಿವಿಯಲ್ಲಿ ಏನೋ ಹೇಳಿದಳು. ಪೂಜಾ ನನ್ನನ್ನೊಮ್ಮೆ ನೋಡಿದಳು, ಕಂಬ ಬಿಟ್ಟಳು, ತಾನೇ ನಡೆದು ಹೊಸ್ತಿಲು ದಾಟಿ ಕಾರಿನಲ್ಲಿ ಕೂತಳು. ದೊಡ್ಡಮ್ಮ ದೇವರ ಗೂಡಿನಿಂದ ವಿಭೂತಿ ತಂದು ನನ್ನ ಹಣೆಗೆ ಹಚ್ಚಿದಳು. ಬಸುರಿಯನ್ನು ಬಿಟ್ಟು ನನಗ್ಯಾಕೆ ಎಂದುಕೊಂಡು, ಗಾಡಿ ತಿರುಗಿಸುವಾಗ ಒರೆಸಿ ಹಾಕಿದೆ.

ಹರಿಹರ ದಾಟುವಾಗ ಪೂಜಾಳ ನರಳಾಟವೂ ನಿಂತಿತ್ತು. ಆ ಮೌನದಲ್ಲಿ ಕಾರು ಓಡಿಸಿದ ಭಯ ನನ್ನ ವೈರಿಗೂ ಬೇಡ. ದಾವಣಗೆರೆಯ ಆಸ್ಪತ್ರೆಯ ಗೇಟಿನಲ್ಲಿ ಅವಳ ಗಂಡ ಬಸವಕಿರಣ್ ಸ್ಟ್ರೆಚರ್ ಹಿಡಿದು ನಿಂತಿದ್ದ. ನೇರ ಆಪರೇಷನ್ನಿಗೆ ಒಯ್ದರು. ಹೆಣ್ಣುಮಗು. ಇನ್ನು ಸ್ವಲ್ಪ ತಡವಾಗಿದ್ದರೂ ಕೂಸು ಉಳಿಯುತ್ತಿರಲಿಲ್ಲ ಎಂದರು ಡಾಕ್ಟರ್. ಬಸವಕಿರಣನ ಎದುರಿಗೇ ಗೊಳೋ ಎಂದು ಅತ್ತುಬಿಟ್ಟೆ.

ಬೆಳಗ್ಗೆ ಪೂಜಾಳ ಮಂಚದ ಪಕ್ಕ ಕೂತು ಕೂಸಿನ ಕಾಲು ಸವರಿದೆ. "ನೋಡಿದ್ಯಾ? ತಾಯಿ ಮಗು ಇಬ್ಬರೂ ಆರಾಮ. ಎಲ್ಲಿ ಹೋಯ್ತು ನಿನ್ನ ಹಾಲಕ್ಕಿ ಮಾತು? ಅಂದಹಾಗೆ ದೊಡ್ಡಮ್ಮ ಕಿವಿಯಲ್ಲಿ ಏನಂದ್ಲು?"

ಅವಳು ಮುಖ ಆಚೆ ತಿರುಗಿಸಿದಳು. ಹಾಗೆಯೇ ಹೇಳಿದಳು: "ತಾನಾಗಿ ನುಡಿದ್ರೆ ಅದು ಎಲ್ಲರಿಗೂ ಅಂತ. ಕರೆದು ನುಡಿಸಿದ್ರೆ, ಕರೆದೋರಿಗೆ ಮಾತ್ರ ಅಂತ. ಇದು ನಿಂದಲ್ಲವ್ವ, ನಿಮ್ಮಕ್ಕಂದು, ಹೆದರಬ್ಯಾಡ ಹೋಗು ಅಂದ್ಲು."

ಒರೆಸಿ ಹಾಕಿದ ವಿಭೂತಿ ನೆನಪಾಗಿ ಹಣೆ ಮುಟ್ಟಿಕೊಂಡೆ.

"ನನಗೆ ಸಮಾಧಾನ ಆತಕ್ಕ" ಎಂದಳು ಪೂಜಾ, ಅಳುತ್ತಾ. "ಅದಕ್ಕೇ ಹೊರಟೆ."

ಮೂಢನಂಬಿಕೆ ಎಂದೆ. ಅವಳ ಕಣ್ಣೊರೆಸಿದೆ. ಸ್ನಾನ ಮಾಡಿ ಬರುತ್ತೇನೆ ಎಂದು ಕೀಲಿ ಹಿಡಿದು ಎದ್ದೆ. ನನ್ನ ಮನೆ ಆಸ್ಪತ್ರೆಯಿಂದ ಮೂರು ಬೀದಿ ಆಚೆ. ಮಧ್ಯಾಹ್ನವಾಗುತ್ತಾ ಬಂತು, ಇನ್ನೂ ಆಸ್ಪತ್ರೆಯ ಗೇಟಿನ ಒಳಗೇ ನಿಂತಿದ್ದೇನೆ.