ಕಣ್ಣಾರೆ ಕಂಡ ಪಾಚಿ

ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ್ದ ಜಾಡಿಗಳನ್ನು ಅವಳು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಕೆಳಗಿಟ್ಟಳು. ಏಳಕ್ಕೆ ಏಳೂ ಕನ್ನಡಿಯಂತೆ ಹೊಳೆಯುತ್ತಿದ್ದವು.

“ಅಕ್ಕ, ನಾಲ್ಕನೇದರಲ್ಲಿ ನೀರಿತ್ತಲ್ಲ?”

“ಅದನ್ನ ನೀರು ಅಂತಾರೇನೇ? ತಳದಲ್ಲಿ ಹಸಿರು ಕಟ್ಟಿತ್ತು. ನಾಲ್ಕು ಜನ ಬರೋ ಹೊತ್ತು, ಎಲ್ಲಾನೂ ಬರಿದು ಮಾಡಿ ಒರೆಸಿಟ್ಟೆ. ತೊಳೆಯೋಣ ಅಂದ್ರೆ ನಲ್ಲೀಲಿ ಹನಿ ನೀರಿಲ್ಲ.”

ಅವಳು ನಾಲ್ಕನೇ ಜಾಡಿಯ ಒಣತಳವನ್ನು ಬೆರಳಿನಿಂದ ಸವರಿದಳು. ಗಂಡ ಹಾಸಿಗೆ ಹಿಡಿದ ಮೇಲೆ, ಆತ ಕೆರೆಯ ಪಾಚಿ ಬೆಳೆಸುತ್ತಿದ್ದ ಉಳಿದ ಆರು ಜಾಡಿಗಳು ಒಣಗಿಹೋಗಿದ್ದವು. ನಾಲ್ಕನೆಯದೊಂದನ್ನು ಮಾತ್ರ ಆತನ ಅಪ್ಪಣೆಯಂತೆ ದಿನವೂ ಬಿಸಿಲಿಗಿಟ್ಟು, ನೆರಳಿಗೆ ಸರಿಸಿ, ಕೂಸಿನಂತೆ ಸಾಕಿದ್ದಳು.

ನಡುಮನೆಯಲ್ಲಿ ಆತನು ಬಿಳಿಯ ಹೊದಿಕೆಯ ಕೆಳಗೆ ಮಲಗಿದ್ದನು. ಮೂವತ್ತೆರಡು ವರ್ಷ ನೀರು ಶುದ್ಧೀಕರಣದ ಪ್ರಯೋಗಶಾಲೆಯಲ್ಲಿ ಪ್ರತಿ ಮುಂಜಾನೆ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ‘ಕುಡಿಯಲು ಯೋಗ್ಯ’ ಎಂದು ಪುಸ್ತಕದಲ್ಲಿ ಬರೆದವನು. ಸಹೋದ್ಯೋಗಿಗಳು ಆತನಿಗೆ ಪಾಚಿರಾಯನೆಂದು ಹೆಸರಿಟ್ಟಿದ್ದರು. ಬಂದವರು ಸಾಲಾಗಿ ಬಂದು, ಬಾಗಿ ಮುಖ ನೋಡಿ, ಸರಿದು ನಿಲ್ಲುತ್ತಿದ್ದರು.

“ಊರಿಗೆಲ್ಲ ನೀರು ಕೊಟ್ಟೋರ ಮನೇಲೇ ಇವತ್ತು ನೀರಿಲ್ಲ ನೋಡಿ,” ಎಂದಿತು ಒಂದು ಮುದಿದನಿ.

“ಹೇಗೆ ಬರುತ್ತಜ್ಜಿ?” ಎಂದನು ಪಂಪಿನ ಆಪರೇಟರು, ಕಣ್ಣೊರೆಸಿಕೊಳ್ಳುತ್ತಲೇ. “ಪಂಪ್ ಹಾಕೋ ನಾನು ಇಲ್ಲಿ ನಿಂತಿದೀನಲ್ಲ.”

ನಗೆಯೊಂದು ಹುಟ್ಟಿ, ಹೊದಿಕೆಯತ್ತ ನೋಡಿ ಅಡಗಿತು. ಆಗ ಬಾಗಿಲಲ್ಲಿ, ಕಂಕುಳಲ್ಲಿ ಕಡತವಿಟ್ಟುಕೊಂಡ ಕನ್ನಡಕದವನೊಬ್ಬನು ಚಪ್ಪಲಿಗಳ ರಾಶಿಯನ್ನು ಕಂಡು ತಡೆದು ನಿಂತನು.

“ರಾಜ್ಯ ಲಾಂಛನ ಸಮಿತಿ ಕಾರ್ಯದರ್ಶಿ ನಾನು. ಪಾಚಿನ ಲಾಂಛನ ಮಾಡಿ ಅಂತ ಇಲ್ಲಿಂದ ಅರ್ಜಿ ಬಂದಿತ್ತು. ತಪಾಸಣೆಗೆ ಬರ್ತೀವಿ ಅಂತ ಕಾಗದ ಹಾಕಿದ್ವಿ... ಯಾರಮ್ಮ ತೀರ್ಕೊಂಡಿದ್ದು?”

“ನೀವು ಯಾರಿಗೆ ಕಾಗದ ಹಾಕಿದ್ರೋ ಅವರೇ,” ಎಂದಳು ಅವಳು.

ಕಾರ್ಯದರ್ಶಿ ಹಣೆ ಒತ್ತಿಕೊಂಡನು. “ಬೇರೆ ದಿನ ಬರೋಣ ಅಂದ್ರೆ ದಿನವೇ ಇಲ್ಲ ತಾಯಿ. ಮಧ್ಯಾಹ್ನ ಸಮಿತಿ ಕೂರುತ್ತೆ. ಇವತ್ತು ತಪ್ಪಿದ್ರೆ ಕಡತ ಮುಚ್ಚಿದ ಹಾಗೇ.”

“ರಾಜ್ಯಕ್ಕೆ ಹಕ್ಕಿ ಆಯ್ತು, ಮರ ಆಯ್ತು, ಹೂವಾಯ್ತು. ಪಾಚಿ ಒಂದು ಕಮ್ಮಿಯಾಗಿತ್ತು,” ಎಂದು ಹಿಂದಿನಿಂದ ಯಾರೋ ಗೊಣಗಿದರು.

“ಸಮಿತಿಯವರೂ ಅದನ್ನೇ ಅಂತಾರೆ. ಬರಿಗಣ್ಣಿಗೆ ಕಾಣದ್ದನ್ನ ಜನ ಹೇಗೆ ಗುರುತಿಸ್ತಾರೆ ಅಂತ. ಅದಕ್ಕೇ ಜೀವಂತ ಪಾಚಿನ ನಾನೇ ನೋಡಬೇಕು. ವಿಜ್ಞಾನ ಓದಿಲ್ಲದ ಸಾಮಾನ್ಯರೊಬ್ಬರು ನೋಡಿ ಗುರುತು ಹಿಡಿದ ಸಾಕ್ಷಿಯೂ ಬೇಕು.” ಕಾರ್ಯದರ್ಶಿ ಕಡತ ಬಿಚ್ಚಿ ಹಾಳೆಯೊಂದನ್ನು ಮುಂದೆ ಹಿಡಿದನು. “ಸಾಕ್ಷಿ ನೀವೇ ಅಲ್ವಾ?”

ಅವಳದೇ ರುಜು. ಅದರ ಮೇಲೆ ಗಂಡನ ದುಂಡಕ್ಷರ: ‘ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.’

*

“ಬಾರೇ, ಒಂದೇ ನಿಮಿಷ,” ಎಂದು ಅಂದು ಗಂಡ ಸೂಕ್ಷ್ಮದರ್ಶಕದ ಮುಂದಿನಿಂದ ಕರೆದಿದ್ದನು.

“ಒಲೆ ಮೇಲೆ ಹಾಲಿಟ್ಟಿದೀನಿ ರೀ.”

“ಹಾಲು ದಿನಾ ಉಕ್ಕುತ್ತೆ. ಬಾ. ಎರಡು ಕಣ್ಣೂ ಬಿಟ್ಕೊಂಡು ನೋಡು. ಒಂದನ್ನ ಗಟ್ಟಿಯಾಗಿ ಮುಚ್ಚಿದ್ರೆ ನಿನ್ನ ರೆಪ್ಪೆಗೂದಲೇ ಕಾಣುತ್ತೆ.”

ಅವಳು ಅಡುಗೆಮನೆಗೊಂದು ಕಿವಿಯಿಟ್ಟು, ಒಂದು ಕಣ್ಣನ್ನು ಅಂಗೈಯಿಂದ ಒತ್ತಿ ಮುಚ್ಚಿ ಬಾಗಿದಳು. ಬೆಳಕಿನ ಬಿಲ್ಲೆಯಲ್ಲಿ ಕರಿಯ ದಪ್ಪ ಗೆರೆಗಳು ಅದುರುತ್ತಿದ್ದವು.

“ನಡುವೆ ಸಣ್ಣ ಸೊಂಟ, ಆಚೀಚೆ ಹಲ್ಲು ಹಲ್ಲಾದ ನಕ್ಷತ್ರ, ಕಾಣ್ತಾ? ಇದಕ್ಕೆ ಮುಪ್ಪಿಲ್ಲ ಕಣೇ. ಸೊಂಟದಲ್ಲಿ ಎರಡಾಗುತ್ತೆ, ಒಂದೊಂದು ಹಳೇ ಅರ್ಧಕ್ಕೂ ಒಂದೊಂದು ಹೊಸ ಅರ್ಧ ಚಿಗುರುತ್ತೆ. ಕೆಟ್ಟ ನೀರಲ್ಲಿ ಬಾಳಲ್ಲ. ನಮ್ಮ ಕೆರೇಲಿ ಇದು ಇರೋ ತನಕ ನಮಗೆ ಭಯವಿಲ್ಲ. ಘರ್ಜಿಸೋ ಪ್ರಾಣೀನೇ ಯಾಕೆ ಲಾಂಛನ ಆಗಬೇಕು, ಹೇಳು? ಕಾಣ್ತೇನೇ?”

ಹಾಲು ಉಕ್ಕಿ ಒಲೆಗೆ ಬಿದ್ದ ಸದ್ದಾಯಿತು.

“ಕಾಣ್ತು ರೀ.”

“ಹೇಗಿದೆ?”

“ಚೆನ್ನಾಗಿದೆ.”

ಆತನ ಮುಖ ಅರಳಿದ್ದನ್ನು ಕಂಡ ಮೇಲೆ ಮಾತು ಹಿಂತೆಗೆದುಕೊಳ್ಳಲು ಅವಳಿಗೆ ಬಾಯಿ ಬರಲಿಲ್ಲ. ಸೀದ ಹಾಲಿನ ವಾಸನೆಯ ನಡುವೆ ನಿಂತು ರುಜು ಹಾಕಿದಳು.

*

“ಅಕ್ಕ, ಆ ನೀರನ್ನ ಎಲ್ಲಿ ಚೆಲ್ಲಿದೆ, ಹೇಳು.”

“ಚೆಲ್ಲಿಲ್ಲ ಕಣೇ.” ಅಕ್ಕನ ಧ್ವನಿ ಇಳಿದಿತ್ತು. “ನಲ್ಲೀಲಿ ನೀರಿರಲಿಲ್ಲ, ಹೂವು ಬಾಡ್ತಿತ್ತು. ಅಲ್ಲಿಗೇ ಸುರಿದೆ.”

ಮೃತನ ತಲೆಯ ಬಳಿ ಬಿಳಿಯ ಹೂಗಳ ಹೂದಾನಿಯಿತ್ತು. ಅವಳು ಹೂಗಳನ್ನು ಒಂದು ಪಕ್ಕಕ್ಕೆ ಸರಿಸಿ, ಗಾಜಿನ ಹನಿಗೊಳವೆಯನ್ನು ತಳದವರೆಗೆ ಇಳಿಸಿದಳು. ಗಂಡ ಮಾಡುತ್ತಿದ್ದುದನ್ನು ಸಾವಿರ ಸಲ ಕಂಡಿದ್ದ ಕೈ. ಒಂದು ಹನಿ ಗಾಜಿನ ಪಟ್ಟಿಯ ಮೇಲೆ ಬಿತ್ತು. ಕಿಟಕಿಯ ಬಳಿಯ ಮೇಜಿನ ಮೇಲೆ ಸೂಕ್ಷ್ಮದರ್ಶಕದ ಮುಸುಕನ್ನು ಆಪರೇಟರು ತೆಗೆದನು.

“ಅವರನ್ನ ಒಯ್ಯೋ ಗಾಡಿ ಹನ್ನೆರಡಕ್ಕೆ ಬರುತ್ತೆ ಅಮ್ಮ,” ಎಂದನು ಮೆಲ್ಲಗೆ.

ಅವಳು ಬಾಗಿದಳು. ಮೊದಲು ಅವೇ ಕರಿಯ ಗೆರೆಗಳು. ಅಭ್ಯಾಸಬಲದಿಂದ ಮೇಲೆದ್ದಿದ್ದ ಅಂಗೈಯನ್ನು ಕೆಳಗಿಳಿಸಿ, ಎರಡು ಕಣ್ಣನ್ನೂ ತೆರೆದು, ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಮಬ್ಬು ಸರಿಯಿತು. ಹೂವಿನ ಪರಾಗದ ಕಣಗಳ ನಡುವೆ ಅದು ನಿಂತಿತ್ತು: ಹಸಿರು, ಸೊಂಟವುಳ್ಳದ್ದು. ಒಂದು ಕಡೆ ತುಂಬಿದ ಅರೆನಕ್ಷತ್ರ. ಇನ್ನೊಂದು ಕಡೆ ಇನ್ನೂ ಹಲ್ಲು ಮೂಡದ, ತೆಳುಬಣ್ಣದ ಪುಟ್ಟ ಗುಬುಟು.

ಬಹಳ ಹೊತ್ತು ಅವಳು ತಲೆಯೆತ್ತಲಿಲ್ಲ. ಎತ್ತಿದಾಗ ಕಾರ್ಯದರ್ಶಿಯತ್ತ ಕೈ ಚಾಚಿದಳು.

“ಪೆನ್ನು ಕೊಡಿ ಸ್ವಾಮಿ. ಆವತ್ತು ನಾನು ಕಂಡಿದ್ದು ನನ್ನ ರೆಪ್ಪೆಗೂದಲು. ಅವರ ಮನಸ್ಸು ನೋಯಬಾರದು ಅಂತ ಸುಳ್ಳು ರುಜು ಹಾಕಿದೆ.”

“ಅದನ್ನ ನನ್ನ ಹತ್ರ ಹೇಳಬೇಕಾಗಿರಲಿಲ್ಲ ತಾಯಿ. ಕಡತಕ್ಕೆ ರುಜು ಸಾಕಿತ್ತು.”

“ಅವರು ನೋಡದೇ ಇರೋದನ್ನ ಒಂದು ದಿನವೂ ಬರೆದೋರಲ್ಲ.”

ಹಳೆಯ ತಾರೀಕನ್ನು ಹೊಡೆದುಹಾಕಿ, ಇಂದಿನದನ್ನು ಬರೆದು, ಮತ್ತೆ ರುಜು ಹಾಕಿದಳು. ಕಾರ್ಯದರ್ಶಿ ಕನ್ನಡಕ ತೆಗೆದು ಬಾಗಿ ನೋಡಿದನು. ಅನಂತರ ಅವಳ ರುಜುವಿನ ಕೆಳಗೆ ‘ನಾನೂ ಕಂಡೆನು’ ಎಂದು ಬರೆದು, ಹೊರಡುವುದನ್ನು ಮರೆತವನಂತೆ ಗೋಡೆಗೊರಗಿ ನಿಂತನು.

ಅವನ ಹಿಂದೆ ಆಪರೇಟರು ಬಾಗಿದನು. ಅವನ ಹಿಂದೆ ಮುದುಕಿ. ಮೃತನ ಮುಖ ನೋಡಿ ಬಂದವರು ಅಲ್ಲಿಂದ ತಿರುಗಿ ಮೇಜಿನತ್ತ ಸಾಲುಗಟ್ಟಿದರು. ಅಲ್ಲಿ ಬಾಗಿದಂತೆಯೇ ಇಲ್ಲಿಯೂ ಕೈಗಳನ್ನು ಹಿಂದೆ ಕಟ್ಟಿ ಬಾಗುತ್ತಿದ್ದರು. ಹೊರಗೆ ಗಾಡಿ ಬಂದು ನಿಂತ ಸದ್ದು ಕೇಳಿಸಿತು.

ಸಾಲಿನ ಕೊನೆಯವಳು ಅಕ್ಕ. ಅವಳು ಬಾಗಿ, ಒಂದು ಕಣ್ಣನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡಳು.

ತಂಗಿ ಹಿಂದಿನಿಂದ ಬಂದು, ಆ ಕೈಯನ್ನು ಮೆಲ್ಲನೆ ಹಿಡಿದು ಕೆಳಗಿಳಿಸಿದಳು.